ಹಿಂದೆ ಬಿದ್ದ ಚಿಪ್ ಕಂಪನಿ ಮುಂದಿನದನ್ನು ಹಿಡಿದೀತಾ?

ಪ್ರಶ್ನೆ: ಕಾರವಾರದ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಅಂದರೆ ಇಂಟೆಲ್, ಎಎಂಡಿ ಅಂದರೆ ಅಗ್ಗದ್ದು, ಜಾಸ್ತಿ ಬಿಸಿಯಾಗುವುದು ಅನ್ನೋ ಮಾತನ್ನೇ ಕೇಳುತ್ತಾ ಬಂದವನು. ಈಗ ಇಂಜಿನಿಯರಿಂಗ್ ಓದುತ್ತಿರುವ ಮಗಳು ಉಲ್ಟಾ ಹೇಳುತ್ತಾಳೆ. ಇಂಟೆಲ್ ಕಷ್ಟದಲ್ಲಿದೆ, ಎಎಂಡಿ ಮುಂದೆ ಹೋಗಿದೆ ಅಂತ. ಹೀಗೆ ಪೂರ್ತಿ ಹಿಂದೆ ಬಿದ್ದ ಕಂಪನಿ ಮುಂದಿನದನ್ನು ಹಿಡಿಯೋದು ನಿಜಕ್ಕೂ ಸಾಧ್ಯವಾ? ಇನ್ನು ಇಂಟೆಲ್ ಮತ್ತೆ ಎದ್ದೀತಾ? ಸೊಸೈಟಿಗೆ ಹೊಸ ಕಂಪ್ಯೂಟರ್ ತಗೋಬೇಕು, ಅದಕ್ಕೂ ಒಂದು ಮಾತು ಹೇಳಿ.

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಹಿಡಿಯೋದು ಸಾಧ್ಯ, ನಮ್ಮ ಕಣ್ಣೆದುರೇ ಆಗಿದೆ.

2015ರಲ್ಲಿ ಎಎಂಡಿಯ ಇಡೀ ವರ್ಷದ ಆದಾಯ ಸುಮಾರು 400 ಕೋಟಿ ಡಾಲರ್. ಅದೇ ವರ್ಷ ಇಂಟೆಲ್‌ನದ್ದು 5,500 ಕೋಟಿ ಡಾಲರ್ ದಾಟಿತ್ತು. ಎಎಂಡಿಗೆ ಆ ವರ್ಷ 66 ಕೋಟಿ ಡಾಲರ್ ನಷ್ಟ. ಷೇರು 2 ಡಾಲರ್‌ಗಿಂತ ಕೆಳಗೆ ಇಳಿದಿತ್ತು. ಅಲ್ಲಿಂದ ಏಳು ವರ್ಷ ಕಳೆಯುವುದರೊಳಗೆ, 2022ರ ಫೆಬ್ರವರಿಯಲ್ಲಿ, ಷೇರುಪೇಟೆಯಲ್ಲಿ ಎಎಂಡಿಯ ಬೆಲೆ ಇಂಟೆಲ್‌ನದ್ದನ್ನು ದಾಟಿತು. 2024ರ ಜುಲೈ-ಸೆಪ್ಟೆಂಬರ್ ಅವಧಿಯಲ್ಲಿ ಡೇಟಾ ಸೆಂಟರ್, ಅಂದರೆ ಸಾವಿರಾರು ಸರ್ವರ್ ಕಂಪ್ಯೂಟರ್ ಇಡುವ ಕೇಂದ್ರಗಳ, ವ್ಯಾಪಾರದ ಆದಾಯದಲ್ಲೂ ಎಎಂಡಿ ಮುಂದಾಯಿತು. ಅದರಲ್ಲಿ ಎಐ ಚಿಪ್‌ಗಳ ಪಾಲೂ ಇದೆ, ನಿಜ. ಆದರೂ ಹತ್ತು ವರ್ಷದ ಹಿಂದೆ ಇದನ್ನು ಯಾರಾದರೂ ಹೇಳಿದ್ದರೆ ನಂಬುವವರು ಇರಲಿಲ್ಲ.

ಇದು ಹೇಗಾಯಿತು ಅನ್ನೋದೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ. ಹಿಂದಿನವನ ಜಾಣತನ ಒಂದೇ ಸಾಲದು. ಮುಂದಿರುವವನು ಎಡವಬೇಕು. ಅವನು ಎಡವಿದ ಹೊತ್ತಿಗೆ ಹಿಂದಿನವನ ಕೈಯಲ್ಲಿ ಒಳ್ಳೆಯ ಚಿಪ್ ತಯಾರಿರಬೇಕು. ಅಲ್ಲಿಯವರೆಗೆ ಕಂಪನಿ ಬದುಕಿರಬೇಕು. ಈ ಮೂರೂ ಒಂದೇ ಕಾಲಕ್ಕೆ ಕೂಡಿಬರೋದು ಬಹಳ ಅಪರೂಪ.

ಕಷ್ಟ ಇರುವುದು ಕಾಲದ ಲೆಕ್ಕದಲ್ಲಿ. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳೋದು ಸುಲಭ. ಈ ವರ್ಷ ಅಡಿಕೆ ದರ ಏರಿತು ಅಂತ ಈ ವರ್ಷ ಸಸಿ ನೆಟ್ಟರೆ, ಫಸಲು ಕೈಗೆ ಬರುವುದು ಐದಾರು ವರ್ಷ ಬಿಟ್ಟು. ಆಗಿನ ದರ ಏನಿರುತ್ತೋ ಅದೇ ಗತಿ. ಹೊಸ ಪ್ರೊಸೆಸರ್ ಕೂಡ ಹಾಗೇ. ಬುಡದಿಂದ ಹೊಸದಾಗಿ ಶುರು ಮಾಡಿದರೆ ಅಂಗಡಿಗೆ ಬರಲು ನಾಲ್ಕೈದು ವರ್ಷ ಬೇಕು.

ಈಗ ಶಿರಸಿಯಲ್ಲಿದ್ದರೂ ನಾನು ಬಹಳ ವರ್ಷ ಬೆಂಗಳೂರಿನಲ್ಲಿ ಮಾಡಿದ್ದು ಚಿಪ್ ವೆರಿಫಿಕೇಶನ್ ಕೆಲಸ. ವಿನ್ಯಾಸ ಮಾಡಿದವರು ಬರೆದದ್ದು ಸರಿ ಇದೆಯಾ ಅಂತ ಹಗಲು ರಾತ್ರಿ ಸಿಮ್ಯುಲೇಶನ್ ಓಡಿಸಿ ಹುಡುಕುವುದು. ಎಲ್ಲ ಮುಗಿಸಿ ನಕ್ಷೆಯನ್ನು ಕಾರ್ಖಾನೆಗೆ ಕಳಿಸುವುದಕ್ಕೆ ಟೇಪ್‌ಔಟ್ ಅಂತಾರೆ. ಅಲ್ಲಿಂದ ಮೊದಲ ಚಿಪ್ ಕೈಗೆ ಬರಲು ಮೂರ್ನಾಲ್ಕು ತಿಂಗಳು. ಬಂದ ಚಿಪ್ಪನ್ನು ಬೋರ್ಡಿನ ಮೇಲೆ ಕೂರಿಸಿ ಪವರ್ ಕೊಟ್ಟು, ಆಪರೇಟಿಂಗ್ ಸಿಸ್ಟಂ ಏಳುತ್ತಾ ಅಂತ ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಅದು ಅರ್ಧಕ್ಕೆ ನಿಂತರೆ ತಪ್ಪು ಎಲ್ಲಿದೆ ಅಂತ ಹುಡುಕಲು ವಾರಗಟ್ಟಲೆ ಬೇಕು. ತಿದ್ದಿ ಮತ್ತೆ ಕಳಿಸಿದರೆ ಮತ್ತೆ ಅಷ್ಟೇ ತಿಂಗಳು ಕಾಯಬೇಕು. ಎಷ್ಟು ದುಡ್ಡು ಸುರಿದರೂ ಈ ಕಾಯುವಿಕೆ ಅರ್ಧಕ್ಕೆ ಇಳಿಯುವುದಿಲ್ಲ. ಹಾಗಾಗಿ ಇವತ್ತು ಒಂದು ಕಂಪನಿಯ ಚಿಪ್ ಸೋತಿದೆ ಅಂದರೆ ತಪ್ಪು ನಿರ್ಧಾರ ಆಗಿದ್ದು ಎಷ್ಟೋ ವರ್ಷ ಹಿಂದೆ.

ಎಎಂಡಿ ಇಂಟೆಲ್‌ನ ನೆರಳಿನಲ್ಲೇ ಬೆಳೆದ ಕಂಪನಿ. ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. 1980ರ ದಶಕದ ಶುರುವಿನಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್ ಚಿಪ್ ಆರಿಸಿಕೊಂಡಾಗ ಒಂದೇ ಕಂಪನಿಯನ್ನು ನಂಬಲು ತಯಾರಿರಲಿಲ್ಲ. ಅದೇ ಚಿಪ್ ಮಾಡಿಕೊಡುವ ಇನ್ನೊಬ್ಬರು ಬೇಕು ಅಂತ ಪಟ್ಟು ಹಿಡಿಯಿತು. ಹಾಗೆ 1982ರ ಒಪ್ಪಂದದಲ್ಲಿ ಎಎಂಡಿಗೆ ಎಕ್ಸ್86, ಅಂದರೆ ಇಂಟೆಲ್ ಬಗೆಯ ಪಿಸಿ ಚಿಪ್, ಮಾಡುವ ದಾರಿ ತೆರೆಯಿತು. ಮುಂದೆ ಎರಡೂ ಕಂಪನಿ ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿದವು. ಕೊನೆಗೂ ಒಬ್ಬರ ಪೇಟೆಂಟ್ ಇನ್ನೊಬ್ಬರು ಬಳಸುವ ಒಪ್ಪಂದ ಉಳಿದುಕೊಂಡಿತು. ವಿಂಡೋಸ್ ಪಿಸಿಯ ಈ ಕಣದಲ್ಲಿ ಇಷ್ಟು ವರ್ಷ ಇಬ್ಬರೇ ಪೈಲ್ವಾನರು ಇದ್ದದ್ದಕ್ಕೆ ಅದೇ ಕಾರಣ.

2015ರ ನಂತರ ಆದದ್ದು ಮೊದಲ ಸಲ ಅಂತ ತಿಳಿಯಬೇಡಿ. ಎಎಂಡಿ ಅದಕ್ಕೂ ಮೊದಲೇ ಒಮ್ಮೆ ಮುಂದೆ ಹೋಗಿತ್ತು. 2003ರಲ್ಲಿ ಆಪ್ಟೆರಾನ್ ಬಂತು. ಹಳೆಯ 32 ಬಿಟ್ ಪ್ರೋಗ್ರಾಂಗಳನ್ನೂ ಓಡಿಸುವ, 64 ಬಿಟ್‌ಗೂ ದಾರಿ ಮಾಡಿಕೊಡುವ ಚಿಪ್ ಅದು. ಬಿಟ್ ಜಾಸ್ತಿಯಾದರೆ ಚಿಪ್ ಜಾಸ್ತಿ ಮೆಮೊರಿ ಬಳಸಬಲ್ಲದು. ಇಂಟೆಲ್ ಆಗ ಹಳೆಯದನ್ನೆಲ್ಲ ಬಿಟ್ಟು ಐಟೇನಿಯಂ ಅನ್ನೋ ಬೇರೆಯೇ ಬಗೆಯ ಚಿಪ್‌ಗೆ ಜನರನ್ನು ಎಳೆಯಲು ನೋಡುತ್ತಿತ್ತು. ಜನ ಹೋಗಲಿಲ್ಲ. 2004ರಲ್ಲಿ ಇಂಟೆಲ್ ಎಎಂಡಿಯ 64 ಬಿಟ್ ದಾರಿಯನ್ನೇ ಹಿಡಿಯಬೇಕಾಯಿತು. ಇವತ್ತು ನಿಮ್ಮ ಸೊಸೈಟಿಯ ಇಂಟೆಲ್ ಕಂಪ್ಯೂಟರಿನಲ್ಲಿ ಓಡುತ್ತಿರುವ 64 ಬಿಟ್ ವಿಂಡೋಸ್ ಕೂಡ ಎಎಂಡಿ ಹಾಕಿಕೊಟ್ಟ ಆ ಅಡಿಪಾಯದ ಮೇಲೇ ನಿಂತಿದೆ.

ಆದರೂ ಆ ಗೆಲುವು ಉಳಿಯಲಿಲ್ಲ. ಚಿಪ್ ಚೆನ್ನಾಗಿದ್ದರೂ ಕೊಳ್ಳುವ ದೊಡ್ಡ ಕಂಪನಿಗಳು ಅಲುಗಾಡಲಿಲ್ಲ. ಡೆಲ್ 2006ರವರೆಗೂ ಇಂಟೆಲ್ ಒಂದನ್ನೇ ಮಾರುತ್ತಿತ್ತು. ಇಂಟೆಲ್ ರಿಯಾಯಿತಿಯ ಬಲದಿಂದ ತಯಾರಕರನ್ನು ಕಟ್ಟಿಹಾಕಿದೆ ಅಂತ ಎಎಂಡಿ ಕೋರ್ಟಿಗೆ ಹೋಯಿತು. 2009ರಲ್ಲಿ ರಾಜಿಯಾಗಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟಿತು. ಅಷ್ಟು ಹೊತ್ತಿಗೆ ತಡವಾಗಿತ್ತು. 2006ರಲ್ಲೇ ಇಂಟೆಲ್ ಕೋರ್ 2 ತಂದು ಎಎಂಡಿಯನ್ನು ಹಿಂದೆ ಹಾಕಿತ್ತು. ಅದೇ ವರ್ಷ ಎಎಂಡಿ ಗ್ರಾಫಿಕ್ಸ್ ಕಂಪನಿ ಎಟಿಐಯನ್ನು 540 ಕೋಟಿ ಡಾಲರ್‌ಗೆ ಕೊಂಡು ಸಾಲದ ಹೊರೆ ಹೊತ್ತುಕೊಂಡಿತ್ತು. ಮೂರು ವರ್ಷ ಮುಂದಿದ್ದರೂ ಸಾಲದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನೀವು ಕೇಳುತ್ತಾ ಬಂದ "ಬಿಸಿ" ಎಎಂಡಿ ಬಂದಿದ್ದು 2011ರಲ್ಲಿ. ಬುಲ್ಡೋಜರ್ ಅಂತ ಆ ವಿನ್ಯಾಸದ ಹೆಸರು. ಎರಡೆರಡು ಕೋರ್‌ಗಳನ್ನು, ಅಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳನ್ನು, ಜೋಡಿ ಮಾಡಿ, ದಶಾಂಶದ ಲೆಕ್ಕ ಮಾಡುವ ಭಾಗವನ್ನು ಇಬ್ಬರಿಗೂ ಹಂಚಿಟ್ಟಿದ್ದರು. ಜಾಗ ಉಳಿಯುತ್ತೆ, ಕೋರ್ ಜಾಸ್ತಿ ಹಾಕಬಹುದು, ಪ್ರೋಗ್ರಾಂಗಳೂ ಮುಂದೆ ಹತ್ತಾರು ಕೋರ್ ಬಳಸುತ್ತವೆ ಅನ್ನೋದು ಎಣಿಕೆ. ಪ್ರೋಗ್ರಾಂಗಳು ಆ ದಾರಿಗೆ ಅಷ್ಟು ಬೇಗ ಬರಲಿಲ್ಲ. ಒಂದೊಂದು ಕೋರ್ ನಿಧಾನ, ಕರೆಂಟ್ ಮಾತ್ರ ಜಾಸ್ತಿ. 2013ರ ಒಂದು ಮಾದರಿಯಂತೂ 220 ವ್ಯಾಟ್‌ನದ್ದು. ಅದನ್ನು ಎಂಟು ಕೋರ್ ಅಂತ ಮಾರಿದ್ದು ಸರಿಯಲ್ಲ ಅಂತ ಅಮೆರಿಕದಲ್ಲಿ ಗ್ರಾಹಕರು ಹಾಕಿದ ಕೇಸು 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿಯಾಯಿತು. ನೀವು ಕೇಳಿದ ಮಾತು ಸುಮ್ನೆ ಹುಟ್ಟಿದ್ದಲ್ಲ.

ಆ ಐದಾರು ವರ್ಷ ಎಎಂಡಿ ಬದುಕುಳಿದಿದ್ದೇ ದೊಡ್ಡದು. ಕಾರ್ಖಾನೆಗಳನ್ನು 2009ರಲ್ಲೇ ಗ್ಲೋಬಲ್‌ಫೌಂಡ್ರೀಸ್ ಅನ್ನೋ ಬೇರೆ ಕಂಪನಿ ಮಾಡಿ ಬಿಟ್ಟುಕೊಟ್ಟಿತ್ತು. 2013ರಲ್ಲಿ ಆಸ್ಟಿನ್‌ನ ತನ್ನ ಸ್ವಂತ ಕಚೇರಿ ಮಾರಿ ಅಲ್ಲೇ ಬಾಡಿಗೆಗೆ ಕೂತಿತು. ಅದೇ ವರ್ಷ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರೊಳಗೂ ಎಎಂಡಿ ಚಿಪ್. ಲಾಭ ತೆಳು, ಆದರೆ ವರ್ಷ ವರ್ಷ ಖಾತ್ರಿ ದುಡ್ಡು. ಈ ಆಟದ ಪೆಟ್ಟಿಗೆಗಳು ಕಂಪನಿಯನ್ನು ಉಳಿಸಿದವು ಅಂತ ನಾನು ನಂಬುತ್ತೇನೆ. ಸಾಲ ಮಾಡಿ ಕೊಂಡ ಎಟಿಐ ಕೂಡ ಆಗ ಉಪಯೋಗಕ್ಕೆ ಬಂತು. ಆ ಚಿಪ್‌ಗಳ ಗ್ರಾಫಿಕ್ಸ್ ಬಂದಿದ್ದು ಅಲ್ಲಿಂದಲೇ.

2012ರಲ್ಲಿ ಹೆಸರಾಂತ ಚಿಪ್ ವಿನ್ಯಾಸಕಾರ ಜಿಮ್ ಕೆಲ್ಲರ್ ಎಎಂಡಿಗೆ ಮರಳಿದರು, ಬುಡದಿಂದ ಹೊಸ ಕೋರ್ ಶುರುವಾಯಿತು. ಅದರ ಹೆಸರು ಜೆನ್. 2014ರ ಅಕ್ಟೋಬರ್‌ನಲ್ಲಿ ಲಿಸಾ ಸು ಮುಖ್ಯಸ್ಥೆಯಾದರು. ದುಡ್ಡಿಲ್ಲದ ಕಾಲದಲ್ಲಿ ಬೇರೆ ಎಷ್ಟೋ ಕೆಲಸ ಕಡಿಮೆ ಮಾಡಿ ಇದೊಂದಕ್ಕೆ ಹಣ ಹೊಂದಿಸಿದರು. 2017ರ ಮಾರ್ಚ್‌ನಲ್ಲಿ ರೈಜನ್ ಹೆಸರಿನಲ್ಲಿ ಜೆನ್ ಅಂಗಡಿಗೆ ಬಂತು. ಒಂದೇ ಗಡಿಯಾರ ವೇಗದಲ್ಲಿ (ಕ್ಲಾಕ್ ಸ್ಪೀಡ್) ಹಿಂದಿನ ಕೋರ್‌ಗಿಂತ 52 ಶೇಕಡ ಜಾಸ್ತಿ ಕೆಲಸ. ಚಿಪ್ ಲೋಕದಲ್ಲಿ ಒಂದು ತಲೆಮಾರಿಗೆ 10 ಶೇಕಡ ಹೆಚ್ಚಿದರೂ ಸಂಭ್ರಮಿಸುತ್ತಾರೆ.

ಇಷ್ಟಾದರೂ ಅದು ಇಂಟೆಲ್ ಅನ್ನು ಸೋಲಿಸಿದ ಚಿಪ್ ಆಗಿರಲಿಲ್ಲ. ಹತ್ತಿರ ಬಂದ ಚಿಪ್, ಅಷ್ಟೇ. ಸೋಲಿಸಿದ್ದು ಅದರ ಮುಂದಿನ ಹೆಜ್ಜೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2019ರ ರೈಜನ್ 3000 ಸರಣಿಯ ಒಂದು ಡೆಸ್ಕ್‌ಟಾಪ್ ಚಿಪ್‌ನ ಲೋಹದ ಮುಚ್ಚಳ ತೆಗೆದ ಫೋಟೋ ಇದ್ದರೆ ಮಗಳ ಹತ್ತಿರ ತೋರಿಸಲು ಹೇಳಿ. ಒಳಗೆ ಒಂದು ದೊಡ್ಡ ತುಂಡು, ಪಕ್ಕದಲ್ಲಿ ಒಂದೋ ಎರಡೋ ಸಣ್ಣ ತುಂಡು ಕಾಣುತ್ತವೆ. ಸಣ್ಣದು ಬರೀ 74 ಚದರ ಮಿಲಿಮೀಟರ್ ಆಸುಪಾಸು, ಅದರೊಳಗೆ 8 ಕೋರ್. ಇದಕ್ಕೆ ಚಿಪ್ಲೆಟ್ ಅಂತಾರೆ. ಚಿಪ್‌ಗಳನ್ನು 300 ಮಿಲಿಮೀಟರ್ ಅಗಲದ ದುಂಡು ಸಿಲಿಕಾನ್ ವೇಫರ್ ಮೇಲೆ ಮಾಡಿ ಆಮೇಲೆ ಕತ್ತರಿಸುತ್ತಾರೆ. ವೇಫರ್ ಮೇಲೆ ಅಲ್ಲಲ್ಲಿ ಕಣ್ಣಿಗೆ ಕಾಣದ ದೋಷ ಇದ್ದೇ ಇರುತ್ತದೆ. ಚಿಪ್ ದೊಡ್ಡದಾದಷ್ಟೂ ದೋಷ ಅದರೊಳಗೆ ಬೀಳುವ ಸಾಧ್ಯತೆ ಜಾಸ್ತಿ, ಬಿದ್ದರೆ ದೊಡ್ಡ ತುಂಡೇ ಹಾಳು. ಸಣ್ಣದಾಗಿ ಕತ್ತರಿಸಿದರೆ ಹಾಳಾಗುವುದು ಸಣ್ಣ ತುಂಡು ಮಾತ್ರ. ಅದೂ ಪೂರ್ತಿ ದಂಡ ಅಲ್ಲ. ಎಂಟರಲ್ಲಿ ಎರಡು ಕೋರ್ ಕೆಟ್ಟಿದ್ದರೆ ಅವನ್ನು ಮುಚ್ಚಿ 6 ಕೋರ್‌ನ ಚಿಪ್ ಅಂತ ಮಾರಬಹುದು.

ಇದೇ ತುಂಡು ಮನೆಯ ಕಂಪ್ಯೂಟರಿಗೂ, ಇದೇ ಎಂಟು ತುಂಡು ಸೇರಿಸಿದರೆ 64 ಕೋರ್‌ನ ಸರ್ವರ್‌ಗೂ. ಬಡ ಕಂಪನಿಗೆ ಒಂದೇ ವಿನ್ಯಾಸದ ಖರ್ಚು. ಮೆಮೊರಿ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳುವ ದೊಡ್ಡ ತುಂಡನ್ನು ಹಳೆಯ, ಅಗ್ಗದ ತಂತ್ರದಲ್ಲೇ ಮಾಡಿದರು. ಕೋರ್ ಇರುವ ಸಣ್ಣ ತುಂಡಿಗೆ ಮಾತ್ರ ತೈವಾನಿನ ಚಿಪ್ ಕಾರ್ಖಾನೆ ಕಂಪನಿ ಟಿಎಸ್ಎಂಸಿಯ 7 ನ್ಯಾನೊಮೀಟರ್ ತಂತ್ರ. ಈ ಅಂಕಿ ಸಣ್ಣದಾದಷ್ಟೂ ತಂತ್ರ ಹೊಸದು, ಸೂಕ್ಷ್ಮ. ಹಣ ಎಲ್ಲಿ ಹಾಕಬೇಕೋ ಅಲ್ಲಿ ಮಾತ್ರ ಹಾಕಿದ ಈ ಉಪಾಯವನ್ನು ನಾನು ಈ ಕಾಲದ ಅತ್ಯಂತ ಸುಂದರ ಇಂಜಿನಿಯರಿಂಗ್ ಕೆಲಸಗಳಲ್ಲಿ ಒಂದು ಅಂತ ಎಣಿಸುತ್ತೇನೆ.

ಇನ್ನು ಇಂಟೆಲ್ ಎಡವಿದ ಕಥೆ. ವಿನ್ಯಾಸವೂ ತನ್ನದೇ, ಕಾರ್ಖಾನೆಯೂ ತನ್ನದೇ, ಕಾರ್ಖಾನೆಯ ತಂತ್ರದಲ್ಲಿ ಬೇರೆಯವರಿಗಿಂತ ಎರಡು ಮೂರು ವರ್ಷ ಮುಂದೆ. ಇಂಟೆಲ್‌ನ ಶಕ್ತಿ ಇದ್ದದ್ದೇ ಅಲ್ಲಿ. 2014ರಲ್ಲಿ 14 ನ್ಯಾನೊಮೀಟರ್ ಚಿಪ್ ತಂದಿತು. ಮುಂದಿನ 10 ನ್ಯಾನೊಮೀಟರ್‌ನಲ್ಲಿ ಒಂದೇ ಸಲಕ್ಕೆ ಬಹಳ ದೊಡ್ಡ ಹಾರಿಕೆ ಹಾರಲು ಹೋಯಿತು. ಅಷ್ಟು ಸಣ್ಣ ಗೆರೆ ಎಳೆಯುವ ಇಯುವಿ ಯಂತ್ರಗಳು ಆಗಿನ್ನೂ ಪಕ್ವವಾಗಿರಲಿಲ್ಲ. ಹಾಗಾಗಿ ಹಳೆಯ ಬೆಳಕಿನ ಯಂತ್ರದಲ್ಲೇ ಒಂದೇ ಪದರವನ್ನು ಹಲವು ಸಲ ಅಚ್ಚು ಹಾಕಬೇಕಿತ್ತು. ಸಲ ಜಾಸ್ತಿಯಾದಷ್ಟೂ ತಪ್ಪು ಜಾಸ್ತಿ. 2016ಕ್ಕೆ ಬರಬೇಕಾದದ್ದು ದೊಡ್ಡ ಪ್ರಮಾಣದಲ್ಲಿ ಬಂದಿದ್ದು 2019ರಲ್ಲಿ. ಡೆಸ್ಕ್‌ಟಾಪ್‌ಗಂತೂ 2021ರವರೆಗೂ 14 ನ್ಯಾನೊಮೀಟರೇ ಗತಿಯಾಯಿತು. ಹೊಸ ಕೋರ್‌ಗಳ ವಿನ್ಯಾಸವನ್ನು ಹೊಸ ಕಾರ್ಖಾನೆ ತಂತ್ರಕ್ಕೇ ಕಟ್ಟಿಹಾಕಿದ್ದರಿಂದ ಅವೂ ಕಾಯುತ್ತಾ ಕೂತವು.

ಪೈಪೋಟಿ ಇಲ್ಲದಾಗ ಕೊಳ್ಳುವವರಿಗೆ ಏನಾಗುತ್ತೆ ಅಂತಲೂ ಆ ಕಾಲ ತೋರಿಸಿತು. 2017ರ ಜನವರಿಯಲ್ಲಿ ಬಂದ ಇಂಟೆಲ್‌ನ ದುಬಾರಿ ಐ7 ಕೂಡ 4 ಕೋರ್‌ನದ್ದೇ. ರೈಜನ್ 8 ಕೋರ್ ತಂದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಐ7ಗೆ 6 ಕೋರ್ ಬಂತು. ಎಎಂಡಿ ಚಿಪ್ ಎಂದೂ ಕೊಳ್ಳದವರಿಗೂ ಎಎಂಡಿಯಿಂದ ಲಾಭವಾಗಿದೆ ಮಾರಾಯ್ರೆ.

ಚಿಪ್ ಗೆದ್ದ ತಕ್ಷಣ ವ್ಯಾಪಾರ ಬರಲಿಲ್ಲ ಅನ್ನೋದನ್ನೂ ಗಮನಿಸಿ. 2017ರಲ್ಲಿ ಸರ್ವರ್ ಚಿಪ್‌ಗಳಲ್ಲಿ ಎಎಂಡಿಯ ಪಾಲು 1 ಶೇಕಡಕ್ಕೂ ಕಡಿಮೆ. 2024ರ ಕೊನೆಗೆ ಸುಮಾರು ಕಾಲು ಭಾಗ. ಏಳು ವರ್ಷ ಬೇಕಾಯಿತು. ಡೇಟಾ ಸೆಂಟರ್ ನಡೆಸುವವರು ಒಂದು ತಲೆಮಾರಿನ ಚಿಪ್ ನೋಡಿ ನಂಬುವುದಿಲ್ಲ. ಎರಡನೆಯದೂ ಮೂರನೆಯದೂ ಹೇಳಿದ ಸಮಯಕ್ಕೆ ಬರುತ್ತಾ ಅಂತ ಕಾದು ನೋಡುತ್ತಾರೆ. 2003ರಲ್ಲಿ ಮಾಡಲಾಗದ್ದನ್ನು ಎಎಂಡಿ ಈ ಸಲ ಮಾಡಿದ್ದು ಇಲ್ಲೇ.

ಈಗ ಇಂಟೆಲ್ ಎದ್ದೀತಾ? 2024ರಲ್ಲಿ ಅದರ ನಷ್ಟ 1,880 ಕೋಟಿ ಡಾಲರ್. ಆ ವರ್ಷ ಬಂದ ಅದರ ಡೆಸ್ಕ್‌ಟಾಪ್ ಮತ್ತು ತೆಳು ಲ್ಯಾಪ್‌ಟಾಪ್ ಚಿಪ್‌ಗಳ ಮುಖ್ಯ ಭಾಗ ತಯಾರಾಗಿದ್ದು ಟಿಎಸ್ಎಂಸಿಯಲ್ಲಿ. ಕಾರ್ಖಾನೆಯೇ ತನ್ನ ಹೆಮ್ಮೆ ಅಂದುಕೊಂಡಿದ್ದ ಕಂಪನಿಗೆ ಇದು ಎಂಥ ಪೆಟ್ಟು ನೋಡಿ. ಆ ಡಿಸೆಂಬರ್‌ನಲ್ಲಿ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ ಹೊರನಡೆದರು. 2025ರ ಮಾರ್ಚ್‌ನಲ್ಲಿ ಲಿಪ್-ಬು ಟ್ಯಾನ್ ಬಂದರು. ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಸುಮಾರು 10 ಶೇಕಡ ಪಾಲು ತಗೊಂಡಿತು. ಸೆಪ್ಟೆಂಬರ್‌ನಲ್ಲಿ ಎಐ ಚಿಪ್ ಕಂಪನಿ ಎನ್‌ವಿಡಿಯಾ 500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು.

ಅಂದರೆ ಬದುಕುಳಿಯುವ ದುಡ್ಡು ಸಿಕ್ಕಿದೆ. ಚಿಪ್ ಕೂಡ ಇದೆ. 18ಎ ಅನ್ನೋ ಹೊಸ ಕಾರ್ಖಾನೆ ತಂತ್ರದಲ್ಲಿ ಕರೆಂಟ್ ಸಾಗುವ ತಂತಿಗಳನ್ನು ಚಿಪ್‌ನ ಹಿಂಬದಿಗೆ ಹಾಕಿದ್ದಾರೆ. ಮುಂಬದಿಯಲ್ಲಿ ಸಿಗ್ನಲ್‌ಗಳಿಗೆ ಜಾಗ ಸಿಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಅರಿಝೋನಾದ ಕಾರ್ಖಾನೆಯಲ್ಲಿ ತಯಾರಾಗುವ ಪ್ಯಾಂಥರ್ ಲೇಕ್ ಲ್ಯಾಪ್‌ಟಾಪ್ ಚಿಪ್ಪನ್ನು ತೋರಿಸಿದರು. ಇಲ್ಲದಿರುವುದು ಎದುರಾಳಿಯ ಎಡವುವಿಕೆ. ಎಎಂಡಿಯೂ ಟಿಎಸ್ಎಂಸಿಯೂ ಎಡವಿದ ಲಕ್ಷಣ ಕಾಣುತ್ತಿಲ್ಲ.

ಹಾಗಾಗಿ ನನ್ನ ಅಂದಾಜು ಇಷ್ಟು. ಚಿಪ್‌ನಲ್ಲಿ ಇಂಟೆಲ್ ಸಮಸಮಕ್ಕೆ ಬರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಎಷ್ಟೋ ಕಡೆ ಈಗಲೂ ಸಮವೇ. ಒಬ್ಬನೇ ರಾಜ ಅನ್ನೋ ಆ ಕಾಲ ಮಾತ್ರ ತಿರುಗಿ ಬರುವುದಿಲ್ಲ. ಆಪಲ್ 2020ರಿಂದ ತನ್ನದೇ ಚಿಪ್ ಹಾಕುತ್ತಿದೆ. ಅಮೆಜಾನ್ ತನ್ನ ಸರ್ವರ್‌ಗೆ ತಾನೇ ಚಿಪ್ ಮಾಡಿಸುತ್ತದೆ. ಆ ಗಿರಾಕಿಗಳು ಹೋದಂತೆಯೇ. ಕಾರ್ಖಾನೆ ನಡೆಯಬೇಕಾದರೆ ಬೇರೆ ಕಂಪನಿಗಳ ಚಿಪ್ಪನ್ನೂ ಅಲ್ಲಿ ಮಾಡಿಕೊಡಬೇಕು. ತನ್ನ ಚಿಪ್ಪಿನ ಗುಟ್ಟನ್ನು ಎದುರಾಳಿಯ ಕಾರ್ಖಾನೆಗೆ ಒಪ್ಪಿಸಲು ಯಾರಿಗಾದರೂ ಹಿಂಜರಿಕೆ ಇರುತ್ತೆ, ಅಲ್ವಾ? ಇಂಟೆಲ್‌ನ ಹಣೆಬರಹ ಬರೆಯುವುದು ಅದೇ ಪ್ರಶ್ನೆ.

ಮಗಳಿಗೆ ಇದನ್ನೂ ಹೇಳಿ. ಗೆದ್ದ ಎಎಂಡಿ ಇನ್ನೊಂದು ಓಟದಲ್ಲಿ ಮತ್ತೆ ಹಿಂದಿದೆ. ಎಐ ಚಿಪ್‌ನಲ್ಲಿ ಎನ್‌ವಿಡಿಯಾ ಬಹಳ ಮುಂದೆ. 2023ರ ಎಎಂಡಿ ಎಂಐ300ಎಕ್ಸ್‌ನಲ್ಲಿ 192 ಜಿಬಿ ಮೆಮೊರಿ, ಎನ್‌ವಿಡಿಯಾ ಎಚ್100ರಲ್ಲಿ 80 ಜಿಬಿ. ಕಾಗದದ ಮೇಲೆ ಎಎಂಡಿ ಕಡಿಮೆಯೇನಲ್ಲ. ಆದರೆ ಅಂಥ ಚಿಪ್‌ಗೆ ಪ್ರೋಗ್ರಾಂ ಬರೆಯಲು ಬೇಕಾದ ಎನ್‌ವಿಡಿಯಾದ ಸಾಫ್ಟ್‌ವೇರ್ "ಕೂಡಾ" (CUDA) 2007ರಿಂದ ಇದೆ. ಒಂದು ತಲೆಮಾರಿನ ವಿದ್ಯಾರ್ಥಿಗಳು ಅದರಲ್ಲೇ ಕಲಿತವರು. ಎಎಂಡಿಯ ಅಂಥದ್ದೇ ಸಾಫ್ಟ್‌ವೇರ್ ರಾಕೆಮ್ ಶುರುವಾಗಿದ್ದು 2016ರಲ್ಲಿ. ಮುಂದಿರುವವನು ಇಲ್ಲಿ ಎಡವಿಲ್ಲ. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಜತೆ ದೊಡ್ಡ ಒಪ್ಪಂದ ಮಾಡಿಕೊಳ್ಳಲು ಎಎಂಡಿ ತನ್ನ 16 ಕೋಟಿವರೆಗಿನ ಷೇರುಗಳ ಹಕ್ಕನ್ನೇ ಕೊಡಬೇಕಾಯಿತು. ಇದು ಪ್ರೊಸೆಸರ್ ಓಟಕ್ಕಿಂತ ಕಷ್ಟದ ಓಟ ಅಂತ ನನಗೆ ಅನಿಸುತ್ತದೆ.

ಇನ್ನು ಸೊಸೈಟಿಯ ಕಂಪ್ಯೂಟರ್. ಲೆಕ್ಕಪತ್ರ, ಬ್ರೌಸರ್, ಪ್ರಿಂಟ್, ಇಷ್ಟಕ್ಕೆ ರೈಜನ್ 5 ಆದರೂ ಕೋರ್ ಐ5 ಆದರೂ ಧಾರಾಳ ಸಾಕು. ಚಿಪ್‌ಗೆ ಹಾಕುವ ಹೆಚ್ಚಿನ ದುಡ್ಡನ್ನು 16 ಜಿಬಿ ರ‍್ಯಾಮ್‌ಗೆ, ಒಳ್ಳೆಯ ಎಸ್‌ಎಸ್‌ಡಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹುಷಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000 ಸರಣಿ, ಅದಕ್ಕಿಂತ ಹಳೆಯದನ್ನು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಇಂಟೆಲ್ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಆದರೆ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹೊಸದಾಗಿದೆಯಾ ಕೇಳಿ. ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ದೋಷವನ್ನು ಇಂಟೆಲ್ 2024ರಲ್ಲಿ ಅಪ್‌ಡೇಟ್ ಕೊಟ್ಟು ತಡೆಯಿತು. ಎಎಂ4 ಸಾಕೆಟ್‌ನ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗದ ಒಂದು ಬಗೆ) ರೈಜನ್ ಇದ್ದರೆ ಪಿನ್‌ಗಳು ಚಿಪ್‌ನ ಅಡಿಯಲ್ಲೇ ಇರುತ್ತವೆ. ಕೂಲರ್ ತೆಗೆಯುವಾಗ ಅದಕ್ಕೂ ಚಿಪ್‌ಗೂ ನಡುವೆ ಹಚ್ಚಿದ ಪೇಸ್ಟ್ ಗಟ್ಟಿಯಾಗಿದ್ದರೆ ಚಿಪ್ ಅದಕ್ಕೇ ಅಂಟಿಕೊಂಡು ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರನ್ನು ಮೆಲ್ಲಗೆ ತಿರುಚಿ ತೆಗೆಯಲು ಹೇಳಿ.

ಕಾರವಾರದಲ್ಲಿ ಕಂಪ್ಯೂಟರ್ ಕೊಲ್ಲುವುದು ಪ್ರೊಸೆಸರ್‌ಗಿಂತ ಹೆಚ್ಚಾಗಿ ಕಡಲಿನ ಉಪ್ಪು ಗಾಳಿ ಮತ್ತು ಮಳೆಗಾಲದ ಕರೆಂಟ್. ರ‍್ಯಾಮ್‌ನ ಸಂಪರ್ಕಗಳಿಗೆ, ಪವರ್ ಸಪ್ಲೈಗೆ ತುಕ್ಕು ಹಿಡಿಯುತ್ತದೆ. ಕಿಟಕಿ ಪಕ್ಕ ಇಡಬೇಡಿ. ಒಳ್ಳೆಯ ಪವರ್ ಸಪ್ಲೈ, ಸರಿಯಾದ ಅರ್ಥಿಂಗ್, ಯುಪಿಎಸ್ ಇರಲಿ. ಕಡಿಮೆ ವ್ಯಾಟ್‌ನ ಚಿಪ್ ತಗೊಂಡರೆ ಕರೆಂಟ್ ಹೋದಾಗ ಯುಪಿಎಸ್ ಜಾಸ್ತಿ ಹೊತ್ತು ಬರುತ್ತದೆ. ಬಿಲ್ ಮಾಡಿಸುವ ಮೊದಲು ವಾರಂಟಿ ಎಲ್ಲಿ ಸಿಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಆನ್‌ಸೈಟ್ ಅಂದರೆ ಕಾರವಾರಕ್ಕೇ ಬಂದು ರಿಪೇರಿ ಮಾಡುತ್ತಾರಾ, ಇಲ್ಲ ನೀವೇ ಪೆಟ್ಟಿಗೆ ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಬೇಕಾ ಅನ್ನೋದು ಗೊತ್ತಾಗಲಿ. ಎರಡು ಕಂಪನಿಯ ಚಿಪ್‌ಗೂ ಬೆಲೆ ಹತ್ತಿರ ಹತ್ತಿರ ಇದ್ದರೆ, ಕಾರವಾರಕ್ಕೆ ಬಂದು ರಿಪೇರಿ ಮಾಡುವವರ ಕಂಪ್ಯೂಟರನ್ನೇ ತಗೊಳ್ಳಿ.